ಎರಡನೆಯ ಜನ್ಮ

ಕಾವ್ಯವನ್ನೋ ವೇದಾಂತವನ್ನೋ ಕುರಿತು ಬರೆಯಬೇಕಾದ ವಯಸ್ಸಿನಲ್ಲಿ ಕೋಳಿಯ ಮೊಟ್ಟೆಯನ್ನು ಕುರಿತು ಬರೆಯಹೊರಟಿರುವುದಕ್ಕೆ ವಾಚಕ ಮಹಾಶಯರು ಕ್ಷಮಿಸಬೇಕು. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವಾಗ, ದ್ವಿಜಶಬ್ದಕ್ಕೆ ಹಲ್ಲು, ಬ್ರಾಹ್ಮಣ, ಹಕ್ಕಿ ಎಂಬ ಮೂರು ಅರ್ಥಗಳನ್ನೂ ಕಲಿತಿದ್ದೆನು. ಹಕ್ಕಿಯು ಮೊದಲು ಮೊಟ್ಟೆಯಾಗಿ, ಅನಂತರ ಮರಿಯಾಗಿ ಎರಡು ಸಲ ಹುಟ್ಟುವುದೆಂದು ಗುರುಗಳು ವಿವರಿಸಿದ್ದರು. ಆ ಎರಡನೆಯ ಜನ್ಮವು ಎಷ್ಟು ಪ್ರಯಾಸದ್ದೆಂಬುದು ನನಗೆ ತಿಳಿದದ್ದು ಅರುವತ್ತು ದಾಟಿದ ಮೇಲೆಯೇ.

ನಮ್ಮ ಹಿತ್ತಲಿನ ಬೇಲಿಯಾಚೆ ಒಬ್ಬ ಹೆಣ್ಣುಮಗಳಿದ್ದಾಳೆ. ನನ್ನಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಗಂಡನನ್ನು ಕಳೆದುಕೊಂಡು ಎರಡು ಮಕ್ಕಳನ್ನು ಸಾಕುತ್ತಿರುವವಳು. ನಾಟಿಕೋಳಿಯ ಮರಿ ಮಾಡಿಸಿ ಮಾರೋಣವೆಂದು ಸ್ವಸಹಾಯ ಸಂಘದಲ್ಲಿ ಸಾಲವೆತ್ತಿ, ಇಂಕ್ಯುಬೇಟರ್ ಎಂಬ ಕಾವಿನ ಪೆಟ್ಟಿಗೆಯೊಂದನ್ನು ತಂದಳು. ಅದರೊಡನೆ ಬಂದ ಇಂಗ್ಲಿಷ್ ಕೈಪಿಡಿಯನ್ನು ಹಿಡಿದುಕೊಂಡು ಜಗಲಿಯ ಕೆಳಗೆ ನಿಂತು, "ಮೇಷ್ಟ್ರೇ, ಕೋಳಿ ವಿಷಯ ಅಂತ ಬೇಜಾರು ಮಾಡ್ಕೋಬೇಡಿ, ಇದನ್ನೊಂದಿಷ್ಟು ಓದಿ ಹೇಳಿ" ಎಂದಳು. ಮೊಟ್ಟೆಯನ್ನು ಮುಟ್ಟದ ಮನೆತನ ನಮ್ಮದು. ಆದರೂ ಪುಸ್ತಕ ಹಿಡಿದು ಬಂದ ಶಿಷ್ಯಳಿಗೆ ಇಲ್ಲವೆನ್ನುವುದು ಮೇಷ್ಟರಾದವನಿಗೆ ಸಾಧ್ಯವೇ?

ಮೊದಲ ಸಲ 40 ಮೊಟ್ಟೆಗಳನ್ನಿಟ್ಟೆವು, ಮರಿಯಾದವು 11. ಇದರಲ್ಲಿ ನನ್ನ ಪಾಲಿನ ಅಪರಾಧವನ್ನು ಮರೆಮಾಚಲಾರೆನು. ಇಪ್ಪತ್ತೊಂದನೆಯ ದಿನ ಕುತೂಹಲ ತಡೆಯಲಾರದೆ ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡಿದೆನು. ಒಂದು ಮೊಟ್ಟೆಯಲ್ಲಿ ಬೆಳಗ್ಗೆಯೇ ಬಿರುಕು ಕಾಣಿಸಿಕೊಂಡಿತ್ತು; ಮಧ್ಯಾಹ್ನವಾದರೂ ಅದು ಹಿಗ್ಗಲಿಲ್ಲ; ಒಳಗಿನಿಂದ ಕ್ಷೀಣವಾದ ಕೂಗು ಮಾತ್ರ ಬರುತ್ತಿದ್ದಿತು. ಕನಿಕರದಿಂದ ಉಗುರಿನಲ್ಲಿ ಚಿಪ್ಪನ್ನು ಬಿಡಿಸಿದೆನು. ಪೊರೆಯಿಂದ ರಕ್ತ ಜಿನುಗಿತು. ಸಂಜೆಯೊಳಗೆ ಮರಿ ಸತ್ತಿತು. "ಬಿಡಿ ಮೇಷ್ಟ್ರೇ, ಒಳ್ಳೇದಕ್ಕೇ ಮಾಡಿದ್ರಿ" ಎಂದು ಅವಳೇ ನನ್ನನ್ನು ಸಮಾಧಾನಪಡಿಸಿದಳು. ಆ ತಿಂಗಳ ಕಂತು ಕಟ್ಟಲು ಮೊಟ್ಟೆಯಿಡುತ್ತಿದ್ದ ಎರಡು ಹೇಂಟೆಗಳನ್ನು ಮಾರಿದಳೆಂಬ ಸಂಗತಿ ಆಮೇಲೆ ತಿಳಿಯಿತು.

ಆ ರಾತ್ರಿ ಮಹಾಭಾರತದ ಆದಿಪರ್ವದ ವಿನತೆಯ ನೆನಪಾಯಿತು. ಸವತಿಯಾದ ಕದ್ರುವಿನ ಮೊಟ್ಟೆಗಳೊಡೆದು ಮಕ್ಕಳಾದುದನ್ನು ಕಂಡು, ತನ್ನೆರಡು ಮೊಟ್ಟೆಗಳಲ್ಲೊಂದನ್ನು ಆಕೆ ಅವಸರದಿಂದ ಒಡೆದಳು. ಅರ್ಧದೇಹ ಮಾತ್ರ ಬೆಳೆದಿದ್ದ ಅರುಣನು ಹೊರಬಂದು ತಾಯಿಯನ್ನು ಶಪಿಸಿದನು. ಈ ಕಥೆಯನ್ನು ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದ ನಾನೇ ಆಕೆಯ ತಪ್ಪನ್ನು ಮಾಡಿದ್ದೆನು.

ಮರುದಿನ ಕೈಪಿಡಿಯನ್ನು ಮೊದಲಿಂದ ಓದಿ, ತಿಳಿದವರನ್ನೂ ವಿಚಾರಿಸಿ, ಒಂದೊಂದೇ ದೋಷವನ್ನು ಹುಡುಕಿದೆವು. ಹದಿನೈದು ದಿನ ಕೂಡಿಟ್ಟ ಮೊಟ್ಟೆಗಳನ್ನು ತೊಳೆದು ಇಟ್ಟಿದ್ದೆವು. ಈಗ ಏಳು ದಿನಗಳೊಳಗಿನ, ಬಿರುಕಿಲ್ಲದ, ತೊಳೆಯದ ಮೊಟ್ಟೆಗಳನ್ನು ಚೂಪು ತುದಿ ಕೆಳಗಾಗಿ ತಂಪಾದ ಮೂಲೆಯಲ್ಲಿ ಕೂಡಿಟ್ಟೆವು. ಫ್ಯಾನಿರುವ ಪೆಟ್ಟಿಗೆಯಲ್ಲಿ ಶಾಖವು 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಜ್ವರ ನೋಡುವ ಥರ್ಮಾಮೀಟರನ್ನು ಒಳಗಿಟ್ಟು ನೋಡಿದರೆ, ಪೆಟ್ಟಿಗೆ ತೋರಿಸುವ ಅಂಕೆಗಿಂತ ಒಂದು ಡಿಗ್ರಿ ಹೆಚ್ಚಿದ್ದಿತು, ಅದನ್ನು ಸರಿಪಡಿಸಿದೆವು. ಮೊಟ್ಟೆಯ ಒಂದು ಮಗ್ಗುಲಿಗೆ ಸೊನ್ನೆ, ಇನ್ನೊಂದಕ್ಕೆ ಗುಣಾಕಾರದ ಗುರುತು ಹಾಕಿ, ಭ್ರೂಣವು ಪೊರೆಗೆ ಅಂಟದಂತೆ ದಿನಕ್ಕೆ ಐದು ಸಲ ಹೊರಳಿಸಿದೆವು. ಬೆಸಸಂಖ್ಯೆಯಾದುದರಿಂದ ಎರಡು ದೀರ್ಘರಾತ್ರಿಗಳನ್ನು ಒಂದೇ ಮಗ್ಗುಲಲ್ಲಿ ಕಳೆಯುವ ಪ್ರಮೇಯವಿಲ್ಲ. ಏಳನೆಯ ದಿನ ಕತ್ತಲ ಕೋಣೆಯಲ್ಲಿ ದಪ್ಪ ತುದಿಗೆ ಟಾರ್ಚು ಹಿಡಿದು ನೋಡಿ, ಕೆಂಪು ನರಗಳು ಕಾಣದ 5 ಗೊಡ್ಡು ಮೊಟ್ಟೆಗಳನ್ನು ತೆಗೆದೆವು. ಕರೆಂಟು ಹೋದಾಗ ಮುಚ್ಚಳ ತೆರೆಯದೆ ಕಂಬಳಿ ಹೊದಿಸಿದೆವು.

ತೇವದ ವಿಷಯ ಸೂಕ್ಷ್ಮವಾದುದು. ಮೊದಲ ಹದಿನೆಂಟು ದಿನ ಶೇಕಡ 45ರಿಂದ 55ರಷ್ಟು ತೇವವಿದ್ದರೆ, ಚಿಪ್ಪಿನ ರಂಧ್ರಗಳ ಮೂಲಕ ನೀರು ತಕ್ಕಷ್ಟು ಆರಿ, ದಪ್ಪ ತುದಿಯಲ್ಲಿ ಗಾಳಿಯ ಕೋಣೆ ಬೆಳೆಯುವುದು. ಮರಿಯ ಮೊದಲ ಉಸಿರು ಅಲ್ಲಿಯೇ. ಹದಿನೆಂಟನೆಯ ದಿನ ಹೊರಳಿಸುವುದನ್ನು ನಿಲ್ಲಿಸಿ, ನೀರು ಹೆಚ್ಚಿಸಿ, ತೇವವನ್ನು 65–70ಕ್ಕೆ ಏರಿಸಿ, ಮುಚ್ಚಳ ಹಾಕಬೇಕು. ಆಮೇಲೆ ತೆರೆದರೆ ತೇವವು ಹಾರಿ, ಪೊರೆ ಒಣಗಿ, ಮರಿ ಅದರಲ್ಲಿಯೇ ಸಿಕ್ಕಿಕೊಳ್ಳುವುದು. ಮೊದಲ ಸಲ ಅನೇಕ ಮರಿಗಳು ಹಾಗೆ ಸತ್ತುದು ನನ್ನ ಕುತೂಹಲದಿಂದಲೇ.

ಬಿರುಕು ಬಿಟ್ಟ ಮರಿ ಸುಮ್ಮನಿರುವುದು ಸೋತು ಅಲ್ಲ. ಪೊರೆಯ ನಾಳಗಳ ರಕ್ತವು ಒಡಲಿಗೆ ಹಿಂದಿರುಗಬೇಕು. ಉಳಿದ ಹಳದಿಯು ಹೊಟ್ಟೆಯೊಳಕ್ಕೆ ಸೇರಬೇಕು. ಇದಕ್ಕೆ ಇಪ್ಪತ್ತನಾಲ್ಕು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಆ ಹಳದಿಯ ಬಲದಿಂದ ಮರಿಯು ಹೊರಬಂದ ಮೇಲೂ ಎರಡು ದಿನ ಆಹಾರವಿಲ್ಲದೆ ಬದುಕಬಲ್ಲುದು. ಆದುದರಿಂದ ಒಡನೆಯೇ ಹೊರತೆಗೆಯುವ ಅವಸರವೂ ಬೇಡ.

ಎರಡನೆಯ ಸಲವೂ 40 ಮೊಟ್ಟೆಗಳು. ಕೊನೆಯ ಒಂದು ಮೊಟ್ಟೆ ಸಂಜೆ ಬಿರಿದು, ರಾತ್ರಿಯೆಲ್ಲ ಹಾಗೆಯೇ ಇದ್ದಿತು. "ಮನೆಗೆ ಹೋಗಿ ಮಲಗಿ, ಮೇಷ್ಟ್ರೇ" ಎಂದು ಅವಳು ನಗುತ್ತಾ ನನ್ನನ್ನು ಸಾಗಹಾಕಿದಳು. ಬೆಳಗ್ಗೆ ಹೋಗಿ ನೋಡಿದರೆ ಅದೂ ಸೇರಿ 29 ಮರಿಗಳು.

ಶಾಲೆಯಲ್ಲಿ ಉತ್ತರಕ್ಕೆ ತಡವರಿಸುವ ಹುಡುಗನ ಬಾಯಿಂದ ಮಾತನ್ನು ಕಸಿದುಕೊಂಡು ನಾನೇ ಪೂರ್ತಿಮಾಡುತ್ತಿದ್ದೆನು; ಅದನ್ನು ದಯೆಯೆಂದೇ ತಿಳಿದಿದ್ದೆನು. ಅವರಲ್ಲಿ ಕೆಲವರ ಮುಖಗಳು ಈಚೆಗೆ ಪದೇ ಪದೇ ನೆನಪಿಗೆ ಬರುತ್ತಿವೆ.

ಮೂರನೆಯ ಸಲ ಅವಳು ನನ್ನನ್ನು ಕರೆಯಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ತಾನೇ ದಿನಗಳಿಗೆ ಗುರುತು ಹಾಕಿಕೊಂಡಿದ್ದಳು. ಬೇಲಿಯಾಚೆ ಮರಿಗಳ ಧ್ವನಿ ಕೇಳಿದಾಗಲೇ ನನಗೆ ತಿಳಿದುದು.