ಈಗೊಂದು ಚಿಕ್ಕ ವಿರಾಮ

ಬ್ಲಾಗಿಗೆ ಧೂಳು ಹಿಡಿದಿತ್ತು. ರಿಲೀಸು, ಆಫೀಸು ಅಂತ ಹಳೇ ನೆಪ ಹೇಳದೆ ನೇರ ವಿಷಯಕ್ಕೆ ಬರ್ತೀನಿ.

ಎರಡು ತಿಂಗಳ ಹಿಂದೆ ಊರಿಗೆ, ಅಂದ್ರೆ ಬಿಳಿಚೋಡಿಗೆ ಹೋಗಿದ್ದೆ. ಅಕ್ಕನ ಮಗನಿಗೆ ಎರಡೂ ಮುಕ್ಕಾಲು ವರ್ಷ. ನಾನು ಚಪ್ಪಲಿ ಬಿಡೋ ಹೊತ್ತಿಗೇ ಒಳಗಿನಿಂದ "ಎಲ್ಲ ವೀಕ್ಷಕರಿಗೂ ನಮಸ್ಕಾರ!" ಅಂತ ಸ್ವಾಗತ ಸಿಕ್ತು. ಥೇಟ್ ವಾರ್ತೆ ಓದೋರ ಧಾಟಿ. ನಮ್ಮಮ್ಮನಿಗೆ ಹೆಮ್ಮೆಯೋ ಹೆಮ್ಮೆ. ನಾನೂ ನಕ್ಕೆ. ಅಕ್ಕ ಮಾತ್ರ ನಗಲಿಲ್ಲ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಹೇಳಿದಳು. "ಇಷ್ಟುದ್ದ ಹೇಳ್ತಾನೆ ಕಣೋ, ನೀರು ಬೇಕು ಅನ್ನಲ್ಲ. ಒಂದ್ಸಲಾನೂ ನನ್ನ ಅಮ್ಮ ಅಂತ ಕರೆದಿಲ್ಲ."

ಗಂಡುಮಕ್ಕಳಿಗೆ ಮಾತು ತಡ ಅಂತ ಊರವರು ಸಮಾಧಾನ ಹೇಳಿದ್ದರು. ಮೂರು ವರ್ಷ ಆಗ್ಲಿ ನೋಡೋಣ ಅಂತ ಒಬ್ಬ ಡಾಕ್ಟರೂ ಕಳಿಸಿದ್ದರಂತೆ.

ಮಾರನೇ ದಿನ ಅಮ್ಮ ಅವನಿಗೆ ಅನ್ನ ಸಾರು ತಿನ್ನಿಸ್ತಾ ಇದ್ದರು. ನಾಲ್ಕು ತುತ್ತು ಆಗಿರಬೇಕು, "ಈಗೊಂದು ಚಿಕ್ಕ ವಿರಾಮ" ಅಂದ. ಎಲ್ಲರೂ ನಕ್ಕರು, ಅಮ್ಮ ಇನ್ನೊಂದು ತುತ್ತು ಇಟ್ಟರು. ಅವನು ತಟ್ಟೆ ತಳ್ಳಿ ಅಳೋಕೆ ಶುರು ಮಾಡಿದ. ಸಂಜೆ ತಲೆ ಬಾಚುವಾಗಲೂ ಅದೇ ಮಾತು, ಅದೇ ಅಳು. ಆಗ ಹೊಳೀತು ನೋಡಿ... ಅವನು ಹೇಳ್ತಾ ಇದ್ದದ್ದು "ಸಾಕು" ಅಂತ!

ಬೆಂಗಳೂರಿಗೆ ಬಂದು ಓದಿದೆ. ಇದಕ್ಕೆ ಎಕೊಲೇಲಿಯಾ ಅಂತಾರೆ. ಲಿಯೋ ಕ್ಯಾನರ್ ಅನ್ನೋ ವೈದ್ಯ 1946ರಲ್ಲೇ ಒಂದು ಹುಡುಗನ ಬಗ್ಗೆ ಬರೆದಿದ್ದಾನೆ. ಆಟದ ನಾಯಿಯನ್ನು ಬಾಲ್ಕನಿಯಿಂದ ಎಸೀಬೇಡ ಅಂತ ತಾಯಿ ಒಮ್ಮೆ ಗದರಿದ್ದಳು. ಆಮೇಲೆ ಏನನ್ನೇ ಎಸೆಯಬೇಕು ಅನ್ನಿಸಿದರೂ ಆ ಹುಡುಗ ಅದೇ ವಾಕ್ಯ ಹೇಳಿ ತನ್ನನ್ನು ತಾನೇ ತಡೀತಿದ್ದ. ಕೇಳಿದವರಿಗೆ ಅಸಂಬದ್ಧ, ಅವನಿಗೆ ಅರ್ಥಪೂರ್ಣ. ಇಂಥ ಮಾತು ಬೇಡಿಕೆಗೂ ಪ್ರತಿಭಟನೆಗೂ ಬಳಕೆಯಾಗುತ್ತೆ ಅಂತ 1980ರ ದಶಕದಲ್ಲಿ ಬ್ಯಾರಿ ಪ್ರಿಜಂಟ್ ಮತ್ತು ಜೊತೆಗಾರರು ತೋರಿಸಿದರು.

ನಾನು ಪ್ರೋಗ್ರಾಮಿಂಗ್ ಕಲಿತಿದ್ದೂ ಹೀಗೇ ಅಲ್ವಾ? ಯಾರದೋ ಕೋಡ್ ಇಡಿಯಾಗಿ ಕಾಪಿ ಪೇಸ್ಟ್. ಒಡೆದು ಜೋಡಿಸೋದು ಬಂದದ್ದು ಆಮೇಲೆ.

ಆದರೆ ಅರ್ಥ ಆಯ್ತು ಅಂತ ಸುಮ್ಮನೆ ಕೂರೋ ಹಾಗಿಲ್ಲ. ಮಾತು ಕಲಿಯೋ ಹಾದೀಲಿ ಎಷ್ಟೋ ಮಕ್ಕಳು ಕೇಳಿದ್ದನ್ನೇ ಹೇಳ್ತಾರೆ, ಹಾಗಂದ ಮಾತ್ರಕ್ಕೆ ಆಟಿಸಂ ಅಲ್ಲ. ಆದರೆ ಎರಡು ವರ್ಷ ದಾಟಿದರೂ ಸ್ವಂತದ ಎರಡು ಪದ ಜೋಡಿಸದಿದ್ದರೆ ಕಾಯಬಾರದು. ಮೊದಲು ಕಿವಿ ಪರೀಕ್ಷೆ, ಆಮೇಲೆ ಮಾತಿನ ತಜ್ಞರು. ಅಕ್ಕ ಭಾವ ರಾತ್ರಿ ಬಸ್ಸಲ್ಲಿ ಮೈಸೂರಿಗೆ ಬಂದರು. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿಗೆ. ಕಿವಿ ಸರಿಯಾಗಿದೆ. ಮಾತಿನ ತರಬೇತಿ ಶುರುವಾಗಿದೆ, ಉಳಿದ ಪರೀಕ್ಷೆಗಳು ಇನ್ನೂ ನಡೀತಿವೆ. ಅವನಿಗೆ ಏನು ಅಂತ ನಾನಿಲ್ಲಿ ಹೆಸರಿಡಲ್ಲ.

ಮನೇಲೀಗ ಟೀವಿ ಕಡಿಮೆ. ಅವನು "ವಿರಾಮ" ಅಂದ್ರೆ ಯಾರೂ ನಗಲ್ಲ. "ಸಾಕು. ಊಟ ಸಾಕು" ಅಂತ ಹೇಳಿ ತಟ್ಟೆ ಎತ್ತಿಬಿಡ್ತಾರೆ. ನಮ್ಮಮ್ಮನಿಗೆ ಇದು ಕಷ್ಟ, ಆದರೂ ಮಾಡ್ತಾರೆ.

ಮೊನ್ನೆ ಭಾನುವಾರ ಅಕ್ಕನ ಫೋನು. "ಇವತ್ತು ಏನಂದ ಗೊತ್ತಾ? 'ಸಾಕು ವಿರಾಮ' ಅಂದ ಕಣೋ!"

ಯಾವ ಚಾನೆಲ್ಲಲ್ಲೂ ಬರದ ವಾಕ್ಯ ಅದು. ಅವನದೇ.

"ಅಮ್ಮ ಅಂದ್ನಾ?" ಅಂತ ಕೇಳಬೇಕು ಅನ್ನಿಸ್ತು. ಕೇಳಲಿಲ್ಲ.

ನಿಮ್ಮ ಮನೇಲೋ ಪಕ್ಕದ ಮನೇಲೋ ಇಂಥ ಪುಟಾಣಿ ಇದ್ದರೆ, ನಗೋ ಮುಂಚೆ ಒಂದ್ನಿಮಿಷ ಕಿವಿಗೊಟ್ಟು ನೋಡಿ.