ಕಾರಿಗೂ ಕಿವಿಯುಂಟು

ಗೋಡೆಗೂ ಕಿವಿಯುಂಟು, ಮೆಲ್ಲಗೆ ಮಾತಾಡಿ ಎಂದು ನಮ್ಮಜ್ಜಿ ದಿನಕ್ಕೆ ಹತ್ತು ಸಲ ಗದರುತ್ತಿದ್ದಳು. ಶ್ರೀರಂಗಪಟ್ಟಣದ ಕೋಟೆಯೊಳಗಿನ ನಮ್ಮ ಹಳೆಯ ಮನೆಯ ಮಣ್ಣಿನ ಗೋಡೆ ಎಷ್ಟು ದಪ್ಪವಿತ್ತೆಂದರೆ, ಅದಕ್ಕೆ ಕಿವಿಯಿದ್ದರೂ ಕಿವುಡೇ ಇರಬೇಕು ಎಂದು ನಾವು ಹುಡುಗಿಯರು ನಗುತ್ತಿದ್ದೆವು. ಅಜ್ಜಿ ಈಗ ಇದ್ದಿದ್ದರೆ ಆ ಗಾದೆಗೆ ಇನ್ನೊಂದು ಸಾಲು ಸೇರಿಸಲು ನಾನೇ ಹೇಳುತ್ತಿದ್ದೆ. ಕಾರಿಗೂ ಕಿವಿಯುಂಟು. ಕಣ್ಣೂ ಉಂಟು.

ಈ ಕಣ್ಣು ಕಿವಿಗಳನ್ನು ತಂದು ಅಂಟಿಸಿದವನು ನನ್ನ ಮಗ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಅವನು ಬೆಂಗಳೂರಿನಿಂದ ಊರಿಗೆ ಬರುವುದು ಹೆಚ್ಚಾಯಿತು. ಅಲ್ಲಿ ಕಾರುಗಳು ಓಡುವ ವೇಗ ಕಂಡು ಹೆದರಿ, ತನ್ನ ಕಾರಿಗೊಂದು, ನಮ್ಮ ಕಾರಿಗೊಂದು ಡ್ಯಾಶ್‌ಕ್ಯಾಮ್ ಕೊಂಡು ತಂದ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಬ್ಬಿ. ಮುಂದಿನ ಗಾಜಿಗೆ ಬಾವಲಿಯ ಹಾಗೆ ನೇತುಬಿದ್ದಿರುತ್ತದೆ. ಕಾರು ಶುರುವಾದರೆ ಅದೂ ಎಚ್ಚರಗೊಂಡು ಎದುರಿನ ರಸ್ತೆಯನ್ನೆಲ್ಲ ಚಿತ್ರ ಹಿಡಿಯುತ್ತದೆ. ರಷ್ಯಾ ದೇಶದಲ್ಲಿ ಇದು ಬಹಳ ಹಿಂದೆಯೇ ಮನೆಮಾತಂತೆ. 2013ರ ಫೆಬ್ರವರಿಯಲ್ಲಿ ಚೆಲ್ಯಾಬಿನ್ಸ್ಕ್ ಎಂಬ ಊರಿನ ಮೇಲೆ ಉಲ್ಕೆ ಉರಿದು ಹೋದದ್ದನ್ನು ಲೋಕವೆಲ್ಲ ನೋಡಿದ್ದು ಇಂಥ ಕಾರಿನ ಕಣ್ಣುಗಳಿಂದಲೇ.

"ನಮ್ಮೂರಲ್ಲಿ ಉಲ್ಕೆ ಎಲ್ಲಿ ಬೀಳುತ್ತೋ?" ಎಂದೆ.

"ಉಲ್ಕೆಗಲ್ಲಮ್ಮ, ನಾಳೆ ಯಾರಾದರೂ ಬಂದು ಗುದ್ದಿ ನಿನ್ನದೇ ತಪ್ಪು ಅಂದರೆ ಸಾಕ್ಷಿ ಬೇಕಲ್ಲ?" ಎಂದ.

ಬಂದು ಗುದ್ದುವವರು ಯಾವಾಗಲೂ ಬೇರೆಯವರೇ ಎಂಬುದು ನಮ್ಮ ಮನೆಯವರೆಲ್ಲರ ನಂಬಿಕೆ.

ಇಲ್ಲಿ ನನ್ನ ಡ್ರೈವಿಂಗಿನ ಬಗ್ಗೆ ಎರಡು ಮಾತು ಹೇಳಬೇಕು. ನಾನು ಕಾರು ಕಲಿತದ್ದು ಐವತ್ತೆರಡನೇ ವಯಸ್ಸಿನಲ್ಲಿ. ಮಗನ ಓದು, ಅತ್ತೆಯ ಆರೈಕೆ ಎಲ್ಲ ಮುಗಿದು ಕೈ ಖಾಲಿಯಾದಾಗ. "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?" ಎಂದು ಕೇಳದವರು ನಮ್ಮ ಬೀದಿಯಲ್ಲಿ ನಾಯಿ ಬೆಕ್ಕು ಮಾತ್ರ. ನಮ್ಮವರು ಬೇಡವೆನ್ನಲಿಲ್ಲ. ಆದರೆ ನಾನು ಬೀಗದ ಕೈ ತೆಗೆದುಕೊಂಡಾಗಲೆಲ್ಲ ವಿಶ್ವೇಶ್ವರಯ್ಯ ನಾಲೆಯನ್ನು ನೆನಪಿಸುತ್ತಿದ್ದರು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಆ ನಾಲೆಗೆ ಉರುಳಿ 30 ಜನ ಹೋದರಲ್ಲ, ಆ ದಿನದಿಂದ ನಮ್ಮ ಸೀಮೆಯಲ್ಲಿ ನಾಲೆ ಕಂಡರೆ ಎದೆ ಝಲ್ಲೆನ್ನದವರಿಲ್ಲ. ಹಾಗಾಗಿ ನನ್ನ ಗಾಡಿಗೆ ಒಂದು ಗೀರು ಬಿದ್ದರೂ ಅದು ಬರೀ ಗೀರಲ್ಲ, "ನಾವು ಆಗಲೇ ಹೇಳಿರಲಿಲ್ಲವೇ?" ಎನ್ನುವವರಿಗೆ ನಾನೇ ಬರೆದುಕೊಟ್ಟ ಪತ್ರ.

2024ರ ಕಾರ್ತಿಕದ ಕೊನೆಯಲ್ಲಿ ನಾಗಮಂಗಲದಲ್ಲಿ ನೆಂಟರ ಹುಡುಗಿಯ ಸೀಮಂತ. ನಮ್ಮವರಿಗೆ ರಜ ಇರಲಿಲ್ಲ. ನಾನೇ ಹೊರಟೆ. ಪಾಂಡವಪುರದಲ್ಲಿ ನಾದಿನಿಯನ್ನು ಹತ್ತಿಸಿಕೊಂಡು, ಚಿನಕುರಳಿಯ ಮೇಲೆ ಕೆ.ಆರ್. ಪೇಟೆಗೆ ಹೋಗಿ ದೊಡ್ಡಕ್ಕನನ್ನು ಕೂರಿಸಿಕೊಂಡು, ಅಲ್ಲಿಂದ ನಾಗಮಂಗಲದ ರಸ್ತೆ ಹಿಡಿದೆ. ಸುತ್ತು ದಾರಿಯೇ. ಆದರೆ ಮೂವರು ಹೆಂಗಸರು ಒಂದು ಕಾರಿನಲ್ಲಿ ಕೂತು, ಗಂಡಸರಿಲ್ಲದೆ, ಗಾಜು ಏರಿಸಿಕೊಂಡು ಮಾತಾಡುವ ಸುಖಕ್ಕೆ ಎಷ್ಟು ಸುತ್ತಿದರೂ ಕಡಿಮೆಯೇ. ಕಬ್ಬು ಕಡಿಯುವ ಕಾಲ. ಗಾಡಿ, ಟ್ರ್ಯಾಕ್ಟರುಗಳನ್ನು ದಾಟಿಕೊಂಡು ಹೋಗುತ್ತಿದ್ದೆವು.

ಕೆ.ಆರ್. ಪೇಟೆ ಬಿಟ್ಟು ಒಂದಷ್ಟು ದೂರ ಹೋಗಿರಬೇಕು. ಮುಂದೆ ಮೊಪೆಡ್ಡಿನಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ಒಬ್ಬ ಯಜಮಾನರು ಹೋಗುತ್ತಿದ್ದರು. ಇದ್ದಕ್ಕಿದ್ದಂತೆ ಬಲಕ್ಕೆ ತಿರುಗಿಬಿಟ್ಟರು. ಬ್ರೇಕು ಒತ್ತಿದೆ. ಆದರೂ ತಗುಲಿತು. ಮೊಪೆಡ್ಡು ಮಗ್ಗುಲಾಯಿತು, ಹಾಲು ರಸ್ತೆಯಲ್ಲೆಲ್ಲ ಹರಿಯಿತು. ದೇವರು ದೊಡ್ಡವನು, ಅವರಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ನಮ್ಮ ಕಾರಿನ ಬಂಪರು ಸೀಳಿತ್ತು.

ಜನ ಸೇರಿದರು. "ಕೈ ತೋರಿಸದೆ ತಿರುಗಿದರೆ ಹೆಂಗೆ?" ಎಂದು ನಾದಿನಿ ಜೋರು ಮಾಡಿದಳು. ಕೈ ತೋರಿಸಲೇ ಇಲ್ಲ ಎಂದು ದೊಡ್ಡಕ್ಕ ಆಣೆ ಇಟ್ಟಳು. ನಾನೂ ಹೌದೆಂದೆ. ಸುಳ್ಳು ಹೇಳಿದೆನೆಂದು ಅಂದುಕೊಳ್ಳಬೇಡಿ. ಆ ಕ್ಷಣದಲ್ಲಿ ಅದೇ ನಿಜವೆಂದು ನನ್ನ ಮನಸ್ಸಿನಲ್ಲಿತ್ತು. ಮೂವರು ರೇಷ್ಮೆ ಸೀರೆಯ ಹೆಂಗಸರು ಒಟ್ಟಿಗೆ ಹೇಳಿದ ಮೇಲೆ ಆ ಯಜಮಾನರೂ ಒಪ್ಪಿಕೊಂಡರು. "ತಪ್ಪಾಯ್ತು ಕಣವ್ವ, ನಾನೇ ತೋರಿಸ್ನಿಲ್ವೇನೋ" ಎಂದು ಕೈ ಮುಗಿದರು. ಬಂಪರಿಗೆ ಏನಾದರೂ ಕೊಡು ಎಂದು ಅವರ ಊರಿನವರೇ ತೀರ್ಮಾನ ಮಾಡಿದರು. ಅಂಗಿಯ ಒಳಜೇಬಿನಿಂದ ಮಡಚಿದ ನೋಟು ತೆಗೆದು ಸಾವಿರದ ಐನೂರು ರೂಪಾಯಿ ಎಣಿಸಿದರು. "ಬೂಸಕ್ಕೆ ಅಂತ ಇಟ್ಕಂಡಿದ್ದೆ" ಎಂದರು. ನಾನು ಬೇಡವೆನ್ನುವಷ್ಟರಲ್ಲಿ ದೊಡ್ಡಕ್ಕ ಕೈ ಚಾಚಿ ಇಸಿದುಕೊಂಡಳು. ಬೇಡವೆನ್ನಲು ನಾನು ಅಷ್ಟೇನೂ ಅವಸರ ಮಾಡಲಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಮನೆಗೆ ಬಂದ ಮೇಲೆ ನಮ್ಮವರು ಬಂಪರು ನೋಡಿ, ನನ್ನ ಕಥೆ ಕೇಳಿ, "ನಾಳೆ ಅವನೇನಾದರೂ ಕಂಪ್ಲೇಂಟು ಕೊಟ್ಟರೆ? ಕ್ಯಾಮೆರಾದಲ್ಲಿರೋದನ್ನ ಲ್ಯಾಪ್‌ಟಾಪಿಗೆ ಹಾಕಿಟ್ಟುಕೋ" ಎಂದರು. ಇವತ್ತು ನಾಳೆ ಎಂದು ಒಂದು ವಾರ ಕಳೆಯಿತು. ಆಗ ಮಗ ಫೋನಿನಲ್ಲಿ ಹೆದರಿಸಿದ. ಆ ಕ್ಯಾಮೆರಾ ಎಲ್ಲವನ್ನೂ ಕಾಪಾಡಿಕೊಂಡು ಕೂರುವುದಿಲ್ಲವಂತೆ. ಅದರ ಹೊಟ್ಟೆಯಲ್ಲಿ ಕಿರುಬೆರಳ ಉಗುರಿನಷ್ಟು ಒಂದು ಮೆಮೊರಿ ಕಾರ್ಡು. ನಮ್ಮದು 64 ಜಿಬಿ. ನಿಮಿಷಕ್ಕೆ ಸುಮಾರು ನೂರು ಎಂಬಿ ತಿನ್ನುತ್ತದೆಂದರೆ ಹತ್ತು ಗಂಟೆಯ ಓಡಾಟಕ್ಕೆ ಕಾರ್ಡು ತುಂಬಿತು. ಆಮೇಲೆ ತಾನೇ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತದೆ, ನಮ್ಮ ಕಾಲದ ಸ್ಲೇಟಿನ ಹಾಗೆ. ನಮ್ಮವರು ದಿನಾ ಮೈಸೂರಿಗೆ ಹೋಗಿ ಬರುವವರು. ಲೆಕ್ಕ ಹಾಕಿದರೆ ಎದೆ ಧಸಕ್ಕೆಂದಿತು.

"ಗಾಬರಿಯಾಗಬೇಡ. ಜೋರಾಗಿ ಕುಲುಕಿದರೆ ಆ ತುಣುಕಿಗೆ ತಾನೇ ಬೀಗ ಹಾಕಿ ಬೇರೆ ಫೋಲ್ಡರಿನಲ್ಲಿ ಇಡುತ್ತೆ. ಅದು ಸುಲಭಕ್ಕೆ ಅಳಿಯಲ್ಲ. ಆದರೆ ಆ ಫೋಲ್ಡರೂ ತುಂಬಿದರೆ ಹೇಳೋಕಾಗಲ್ಲ" ಎಂದ.

ಭಾನುವಾರ ಮಧ್ಯಾಹ್ನ, ಊಟವಾಗಿ ನಮ್ಮವರು ಮಲಗಿದ ಮೇಲೆ, ಕೆಲಸಕ್ಕೆ ಕೂತೆ. ಮಗ ಫೋನಿನಲ್ಲಿ ಹೇಳುತ್ತಾ ಹೋದ. ಕಾರು ಆರಿಸಿ, ಕ್ಯಾಮೆರಾದ ದೀಪ ಪೂರ್ತಿ ಆರುವವರೆಗೆ ಕಾಯಬೇಕು. ಬರೆಯುತ್ತಿರುವಾಗಲೇ ಕಾರ್ಡು ಕಿತ್ತರೆ ಇರುವುದೂ ಕೆಡುತ್ತದೆ. ಕಾರ್ಡನ್ನು ಎಳೆಯಬಾರದು, ಉಗುರಿನಿಂದ ಒಮ್ಮೆ ಒಳಕ್ಕೆ ಒತ್ತಬೇಕು. ಟಕ್ಕೆಂದು ಹೊರಗೆ ಬರುತ್ತದೆ. ಬಂದದ್ದು ಎಲ್ಲಿಗೆ ಹಾರಿತೋ ಗೊತ್ತಾಗದೆ ಸೀಟಿನ ಕೆಳಗೆ ಕಾಲು ಗಂಟೆ ತಡಕಾಡಿದೆ. ಬ್ಯಾಟರಿ ಹಿಡಿದು ಹುಡುಕಿದಾಗ ಅದರ ಜೊತೆಗೆ ಎಂದೋ ಕಳೆದಿದ್ದ ನನ್ನ ಸೇಫ್ಟಿ ಪಿನ್ನೂ ಸಿಕ್ಕಿತು.

ಲ್ಯಾಪ್‌ಟಾಪಿನಲ್ಲಿ ಅಷ್ಟು ಸಣ್ಣ ಕಾರ್ಡು ತೂರಿಸುವ ಕಿಂಡಿ ಇಲ್ಲ. ಮೊಬೈಲ್ ಅಂಗಡಿಯಿಂದ ಕಾರ್ಡ್ ರೀಡರ್ ತಂದಿಟ್ಟುಕೊಂಡಿದ್ದೆ. ಅದರಲ್ಲಿ ಕೂರಿಸಿ ಚುಚ್ಚಿದೆ. ಪರದೆಯ ಮೇಲೆ ಮೊದಲು ಬಂದದ್ದೇ "ಫಾರ್ಮ್ಯಾಟ್ ಮಾಡಲೇ?" ಎಂಬ ಪ್ರಶ್ನೆ. ಹೂಂ ಎನ್ನಲು ಬೆರಳು ಇಟ್ಟಿದ್ದೆ. "ಅಮ್ಮಾ, ಬೇಡ! ಹೂಂ ಅಂದರೆ ಎಲ್ಲಾ ಹೋಯಿತು!" ಎಂದು ಮಗ ಕಿರುಚಿದ. ಬೇಡವೆಂದು ಒತ್ತಿ, ತೆಗೆದು ಇನ್ನೊಮ್ಮೆ ಚುಚ್ಚಿದೆ. ಈ ಸಲ ಫೋಲ್ಡರುಗಳು ಕಾಣಿಸಿದವು.

ಬೀಗ ಹಾಕಿದ ಫೋಲ್ಡರು ತೆರೆದರೆ ಒಳಗೆ ಐವತ್ತಕ್ಕೂ ಹೆಚ್ಚು ತುಣುಕುಗಳು! ಇಷ್ಟೊಂದು ಅಪಘಾತ ನಾವು ಯಾವಾಗ ಮಾಡಿದೆವು ಎಂದು ನೋಡಿದರೆ, ಎಲ್ಲವೂ ನಮ್ಮ ರಸ್ತೆಯ ಹಂಪುಗಳು, ಗುಂಡಿಗಳು. ಕಾರು ಧಡಕ್ಕೆಂದಾಗಲೆಲ್ಲ ಆ ಯಂತ್ರ ಯಾರೋ ಗುದ್ದಿದರೆಂದು ತಿಳಿದು ಬೀಗ ಹಾಕಿದೆ. ಸಾಲದ್ದಕ್ಕೆ ಅದರ ಗಡಿಯಾರವನ್ನು ಯಾರೂ ಸರಿ ಮಾಡಿರಲಿಲ್ಲ. ಕಾರ್ತಿಕದ ಸೀಮಂತ ಅದರ ಲೆಕ್ಕದಲ್ಲಿ ಯಾವುದೋ ಜನವರಿಯ ನಡುರಾತ್ರಿ ನಡೆದಿತ್ತು. ತಾರೀಖು ನಂಬುವ ಹಾಗಿಲ್ಲ. ಒಂದೊಂದನ್ನೇ ತೆರೆದು ನೋಡಬೇಕು.

"ಕಟ್ ಮಾಡಬೇಡ, ಕಾಪಿ ಮಾಡು. ನಡುವೆ ಕರೆಂಟು ಹೋದರೂ ಮೂಲ ಉಳಿಯುತ್ತೆ. ಕಾಪಿಯಾದ ಮೇಲೆ ಲ್ಯಾಪ್‌ಟಾಪಿನಲ್ಲಿ ಓಡುತ್ತಾ ಅಂತ ನೋಡು. ಆಮೇಲೇ ಕಾರ್ಡು ತೆಗಿ" ಎಂದ ಮಗ, ಯಾರೋ ಕರೆದರೆಂದು ಫೋನಿಟ್ಟ. ನಾನು ಯಾಕೆ ತೊಂದರೆ ಎಂದು ಇದ್ದ ಫೋಲ್ಡರುಗಳನ್ನೆಲ್ಲ ಒಟ್ಟಿಗೆ ಕಾಪಿಗೆ ಹಾಕಿ, ಕಾಫಿಗೆ ನೀರಿಟ್ಟೆ. ಹಸಿರು ಗೆರೆ ಆಮೆಯ ಹಾಗೆ ಸಾಗಿತು.

ಹುಡುಕಿ ಹುಡುಕಿ ಕೊನೆಗೆ ಸಿಕ್ಕಿತು. ಮೂರು ನಿಮಿಷದ ತುಣುಕು. ಚಿತ್ರಕ್ಕಿಂತ ಮೊದಲು ಕೇಳಿದ್ದು ನನ್ನದೇ ಧ್ವನಿ. ಅಯ್ಯೋ, ಇದಕ್ಕೆ ಕಿವಿಯೂ ಇದೆಯೇ! ಸೀಮಂತದ ಹುಡುಗಿಯ ಅತ್ತೆ ಹಾಕಿದ ಚಿನ್ನದ ಸರದ ಮಾತು. ನಲವತ್ತು ಗ್ರಾಮೆಂದು ಹೇಳಿಕೊಂಡು ತಿರುಗುತ್ತಾರೆ, ತೂಗಿ ನೋಡಿದವರು ಯಾರು ಎಂದು ನಾನು ಕೇಳುತ್ತಿದ್ದೇನೆ. ಹಿಂದಿನ ಸೀಟಿನಿಂದ ದೊಡ್ಡಕ್ಕ ಏನೋ ಹೇಳುತ್ತಾಳೆ. ನಾನು "ಆಂ? ಏನಂದೆ?" ಎನ್ನುತ್ತೇನೆ. ಕನ್ನಡಿಯಲ್ಲಿ ಅವಳ ಮುಖ ನೋಡುತ್ತಿದ್ದೆ ಎಂದು ಈಗ ನೆನಪಾಯಿತು.

ಮುಂದೆ ಮೊಪೆಡ್ಡು. ಅದರ ಮೇಲಿನ ಬಿಳಿ ಅಂಗಿಯ ಬಲಗೈ ಮೆಲ್ಲಗೆ ಮೇಲೆದ್ದಿತು. ಪೂರ್ತಿ ಚಾಚಿತು. ಬೆರಳು ಅಗಲಿಸಿ, ಹಾಗೇ ನಿಂತಿತು. ಒಂದು, ಎರಡು, ಮೂರು, ನಾಲ್ಕು. ನಾಲ್ಕು ಸೆಕೆಂಡು. ಆಮೇಲೆ ಅವರು ತಿರುಗಿದರು. ನನ್ನ ಕಾರು ನೇರ ಹೋಗಿ ತಗುಲಿತು.

ಮತ್ತೆ ಹಾಕಿದೆ. ಮತ್ತೂ ಹಾಕಿದೆ. ಎಷ್ಟು ಸಲ ಹಾಕಿದರೂ ಕೈ ಅಲ್ಲಿಯೇ ಇತ್ತು.

ಒಲೆಯ ಮೇಲಿನ ನೀರು ಬತ್ತಿಹೋದದ್ದು ತಿಳಿಯಲಿಲ್ಲ. ಮನೆಯಲ್ಲಿ ಯಾರೂ ಎದ್ದಿಲ್ಲ. ಒಂದು ಗುಂಡಿ ಒತ್ತಿದರೆ ಲ್ಯಾಪ್‌ಟಾಪಿನದು ಹೋಗುತ್ತದೆ. ಫಾರ್ಮ್ಯಾಟಿಗೆ ಹೂಂ ಎಂದರೆ ಕಾರ್ಡಿನದೂ ಹೋಗುತ್ತದೆ. "ಗೊತ್ತಾಗದೆ ಒತ್ತಿಬಿಟ್ಟೆ" ಎಂದರೆ ಮುಗಿಯಿತು. ಹೆಂಗಸಿಗೆ ಕಂಪ್ಯೂಟರು ತಿಳಿಯದು ಎಂಬುದನ್ನು ನಂಬಲು ಎಲ್ಲರೂ ತಯಾರಿರುತ್ತಾರೆ. ತೋರಿಸಿದೆನೋ, ಐವತ್ತೆರಡನೇ ವಯಸ್ಸಿನಲ್ಲಿ ಕಷ್ಟಪಟ್ಟು ಸಂಪಾದಿಸಿದ ಬೀಗದ ಕೈ ಮತ್ತೆ ಮೊಳೆಗೆ ನೇತುಬೀಳುತ್ತದೆ. ಬೆರಳು ಗುಂಡಿಯ ಮೇಲೆ ಬಹಳ ಹೊತ್ತು ಇತ್ತು. ಬೂಸದ ಮಾತು ನೆನಪಾಗದಿದ್ದರೆ ಒತ್ತಿಬಿಡುತ್ತಿದ್ದೆನೋ ಏನೋ.

ನಮ್ಮವರು ಎದ್ದು ಬಂದಾಗ ಮಾತಿಲ್ಲದೆ ತೋರಿಸಿದೆ. ಮೂರು ಸಲ ನೋಡಿದರು. ಈಗ ಶುರುವಾಯಿತು ಎಂದುಕೊಂಡು ನಾನು ತಲೆ ತಗ್ಗಿಸಿದೆ. ಅವರು ಮೆಲ್ಲಗೆ, "ಇದೊಂದೇ ಕಾಪಿ ಮಾಡಿದೆಯಾ, ಎಲ್ಲವನ್ನೂ ಮಾಡಿದೆಯಾ?" ಎಂದು ಕೇಳಿದರು. ಎಲ್ಲವನ್ನೂ ಎಂದೆ. ದಿನಾ ಮೈಸೂರಿಗೆ ಫೋನಿನಲ್ಲಿ ಮಾತಾಡಿಕೊಂಡೇ ಹೋಗುವ ಮನುಷ್ಯ ನನ್ನ ಡ್ರೈವಿಂಗಿನ ಬಗ್ಗೆ ಆಮೇಲೆ ಒಂದು ಮಾತೂ ಆಡಲಿಲ್ಲ.

ಪಕ್ಕದ ಮನೆಯ ವಕೀಲರನ್ನು ಕೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಇದಕ್ಕೆಲ್ಲ ದಾರಿ ಇದೆಯಂತೆ. ಲ್ಯಾಪ್‌ಟಾಪಿನ ಪ್ರತಿಯನ್ನು ಕೋರ್ಟಿಗೆ ಕೊಡುವುದಾದರೆ ಜೊತೆಗೆ ಪ್ರಮಾಣಪತ್ರ ಬೇಕು. ಮೂಲ ಕಾರ್ಡನ್ನು ಮುಟ್ಟದೆ ಎತ್ತಿಡುವುದು ಒಳ್ಳೆಯದು. "ಯಾರ ಮೇಲೆ ಕೇಸು?" ಎಂದರು. "ನನ್ನ ಮೇಲೇ" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಮಾರನೆಯ ವಾರ ಕಾರಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊರಟೆ. "ಮುಗಿದ ಕಥೆ, ಯಾಕೆ ಕೆದಕ್ತೀಯೆ?" ಎಂದು ದೊಡ್ಡಕ್ಕ ಬರಲು ಒಪ್ಪಲಿಲ್ಲ. ನಾದಿನಿ ಬಂದಳು. ಸಂಜೆ ಹಾಲು ಅಳೆಯುವ ಹೊತ್ತಿಗೆ ಆ ಊರಿನ ಡೈರಿ ತಲುಪಿದೆವು. ಯಜಮಾನರು ಕ್ಯಾನನ್ನು ಹೆಗಲ ಮೇಲೆ ಹೊತ್ತು ನಡೆದು ಬರುತ್ತಿದ್ದರು. ಮೊಪೆಡ್ಡು ಕೆಟ್ಟಿದೆಯೇ ಎಂದು ಕೇಳಿದೆ. "ಗಾಡಿ ನೆಟ್ಟಗೈತೆ ಕಣವ್ವ. ವಯಸ್ಸಾಯ್ತು, ಗ್ಯಾನ ಇಲ್ಲ, ಇನ್ನು ಓಡುಸ್ಬ್ಯಾಡ ಅಂತ ಮಗ ಬೀಗದ ಕೈ ಮಡಿಕ್ಕಂಡವ್ನೆ" ಎಂದರು. ನನಗೆ ನಿಂತಲ್ಲೇ ನೆಲ ಕುಸಿದ ಹಾಗಾಯಿತು. ಸಾವಿರದ ಐನೂರು ರೂಪಾಯಿ, ಅವತ್ತು ಚೆಲ್ಲಿದ ಹಾಲಿನ ದುಡ್ಡು, ಎರಡನ್ನೂ ಅವರ ಕೈಗಿಟ್ಟು, "ತಪ್ಪು ನನ್ನದು ಯಜಮಾನರೇ, ನೀವು ಕೈ ತೋರಿಸಿದ್ದಿರಿ" ಎಂದೆ. ಅವರು ನಂಬಲಿಲ್ಲ. "ಬುಡವ್ವ, ನಾನೇ ತೋರಿಸ್ನಿಲ್ಲ" ಎಂದು ನನಗೇ ಸಮಾಧಾನ ಹೇಳಿದರು.

ಮಗನನ್ನು ಕರೆಸಿದೆ. ಡೈರಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟೆ. ಹಾಲು ಹಾಕಲು ಬಂದವರೆಲ್ಲ ಸುತ್ತ ನಿಂತರು. ಬಿಳಿ ಅಂಗಿಯ ಕೈ ಮೇಲೆದ್ದಾಗ ಯಜಮಾನರು ಪರದೆಗೆ ಬೆರಳು ಮುಟ್ಟಿಸಿ, "ನೋಡ್ಲಾ, ನನ್ ಕೈ! ನೋಡ್ಲಾ!" ಎಂದು ಮಗನ ತೋಳು ಹಿಡಿದು ಅಲುಗಾಡಿಸಿದರು. ಮಗ ಏನೂ ಹೇಳಲಿಲ್ಲ. ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದು ಅಪ್ಪನ ಮುಂದೆ ಹಿಡಿದ.

"ಇನ್ನೊಂದು ಕಿತ ಆಕವ್ವ" ಎಂದರು ಯಜಮಾನರು. ಹಾಕಿದೆ. ಕೈಯನ್ನು ನೋಡುವ ಭರದಲ್ಲಿ ಧ್ವನಿ ಅಡಗಿಸುವುದು ಮರೆತೇಹೋಗಿತ್ತು. ನನ್ನ ನೆಂಟರ ಸರದ ಕಥೆ ಇಡೀ ಡೈರಿಗೆ ಎರಡನೇ ಸಲ ಕೇಳಿಸಿತು. ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ತಡೆಯಲಾರದೆ ಕೇಳಿಯೇಬಿಟ್ಟಳು: "ಅಲ್ಲ ಕಣಕ್ಕ, ಕೊನ್ಗೆ ಆ ಸರ ಎಷ್ಟು ಗ್ರಾಮಿತ್ತು?"