ತೆಂಗಿನಕಾಯಿಯ ಮೇಲೊಂದು ದಾರ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಎಲ್ಲೂ ಇಳಿಯದ ವಿಮಾನ ಶುರುಮಾಡಿತು. ಅಲ್ಲಿಂದ ಹೊರಟ ಮೊದಲ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದರು. ಹಾರಾಟ ಸುಮಾರು 17 ಗಂಟೆ.

"ಅಮೆರಿಕ ಇರೋದು ಪಶ್ಚಿಮಕ್ಕಲ್ವಾ, ಉತ್ತರಕ್ಕೆ ಯಾಕೆ ಹೋಗುತ್ತೆ?" ತಿಪಟೂರಿನ ಮನೆಯಲ್ಲಿ ಅಮ್ಮ ಕೇಳಿದಳು. ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿಯ ಮೇಲೆ ಎರಡು ಚುಕ್ಕೆ ಇಟ್ಟು ದಾರ ಹಿಡಿದೆ. ಎರಡೂ ಊರು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ. ಬಿಗಿಯಾಗಿ ಎಳೆದರೆ ದಾರ ಜುಟ್ಟಿನ ಹತ್ತಿರಕ್ಕೇ ಸರಿಯಿತು.

ಅಮ್ಮ ದಾರವನ್ನೇ ನೋಡಿದಳು. "ಇಷ್ಟು ಹತ್ತಿರದ ದಾರಿ ಇದ್ದೂ ನಿಮ್ಮಣ್ಣ ಅಜ್ಜಿ ಮಣ್ಣಿಗೆ ಸಿಗಲಿಲ್ಲವಲ್ಲ."

17 ಗಂಟೆ ಎಂಬುದು ನೆಲ ಬಿಟ್ಟ ಮೇಲಿನ ಲೆಕ್ಕ. ಅದಕ್ಕೆ ಮೊದಲು ರಜೆ ಸಿಗಬೇಕು, ಟಿಕೆಟ್ ಸಿಗಬೇಕು. ಇಳಿದ ಮೇಲೂ ತಿಪಟೂರಿಗೆ ಮೂರು ಗಂಟೆಯ ದಾರಿ. ಸಾವಿನ ಮನೆ ಅಷ್ಟು ಕಾಯುವುದಿಲ್ಲ. ನಮ್ಮಲ್ಲಿ ಕಾಯುವುದು ಅಟ್ಟದ ಕಾಯಿ ಮಾತ್ರ, ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು.

ಅಣ್ಣ ಬಂದಿದ್ದು ಒಂಬತ್ತನೇ ದಿನ. ಅಜ್ಜಿ ಅಟ್ಟಕ್ಕೆ ಹಾಕಿಸಿದ್ದ ಕಾಯಿ ಅಲ್ಲಾಡಿಸಿದರೆ ಒಳಗಿನ್ನೂ ನೀರಿನ ಸದ್ದಿತ್ತು.